ಗೋಲ್ಡ್ ಸ್ಪ್ರೇ ಹೊಡೆದರೆ ಅದು ಯೆಲ್ಲೋ ಜಿಂಕ್ ಆಗಲ್ಲ!

ಅಲ್ಲ ಸ್ವಾಮಿ, 1970ರ ಡಾಟ್ಸನ್ 240ಝಡ್ ಅನ್ನೋ ಹಳೇ ಜಪಾನಿ ಕಾರಿನ ಬ್ರೇಕ್ ಬೂಸ್ಟರ್‌ಗೆ (ಬ್ರೇಕ್ ಒತ್ತೋಕೆ ಬಲ ಕೊಡೋ ಉಕ್ಕಿನ ಡಬ್ಬಿಗೆ) ಚಿನ್ನದ ಬಣ್ಣದ ಸ್ಪ್ರೇ ಹೊಡೆದು ‘ಒರಿಜಿನಲ್ ಫಿನಿಶ್’ ಅಂತ ಮಾರ್ತಾರಲ್ಲ, ಅವರಿಗೆ ಏನು ಹೇಳೋದು? ಒರಿಜಿನಲ್ ಯೆಲ್ಲೋ ಜಿಂಕ್ ಅನ್ನೋದು ಬಣ್ಣ ಅಲ್ಲವೇ ಅಲ್ಲ, ಪ್ಲೇಟಿಂಗ್ ಟ್ಯಾಂಕಿನಲ್ಲಿ ಅದ್ದಿ ಕೂರಿಸೋ ಲೇಪ. ಉಕ್ಕಿನ ಮೇಲೆ ಸುಮಾರು 8 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್) ಜಿಂಕ್, ಅದರ ಮೇಲೆ ಒಂದು ಮೈಕ್ರಾನಿಗಿಂತ ತೆಳುವಾದ ಕ್ರೋಮೇಟ್, ಅಂದರೆ ಕ್ರೋಮಿಯಂ ಸಂಯುಕ್ತದ, ಪೊರೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಕಡೆ ಕೆಲಸ ಮಾಡಿದವರಿಗೆ ‘ಯೆಲ್ಲೋ ಪ್ಯಾಸಿವೇಶನ್’ ಅಂದರೆ ಸಾಕು, ಗೊತ್ತಾಗುತ್ತೆ. ಹಳೇ ಬೋಲ್ಟಿನ ವಾಷರ್ ಎತ್ತಿ ಅದರ ಅಡಿ ನೋಡಿ: ಹಳದಿಯ ನಡುವೆ ಹಸಿರು, ನಸುಗೆಂಪು, ನೇರಳೆ, ನೀರಿನ ಮೇಲೆ ಸೀಮೆಎಣ್ಣೆ ಬಿದ್ದ ಹಾಗೆ. ಬೆಳಕಿಗೆ ಓರೆ ಹಿಡಿದರೆ ಬಣ್ಣ ಬದಲಾಗುತ್ತೆ. ಸ್ಪ್ರೇ ಕ್ಯಾನಿನಿಂದ ಅದು ಬರೋದುಂಟಾ?

ಆ ಕಾಲದ ಹೊಳಪು ಹೆಕ್ಸಾವೇಲೆಂಟ್ ಕ್ರೋಮಿಯಂನದು. ಅದು ಕ್ಯಾನ್ಸರ್ ತರುವ ವಸ್ತು, ಹೊಸ ವಾಹನಗಳಲ್ಲಿ ಯುರೋಪ್ 2007ರ ಜುಲೈಯಿಂದ ಅದನ್ನು ಕಟ್ಟಿಹಾಕಿದ್ದು ಸರಿಯೇ. ಈಗ ಕ್ರೋಮಿಯಂನ ಇನ್ನೊಂದು ರೂಪವಾದ ಟ್ರೈವೇಲೆಂಟ್‌ಗೆ ಹಳದಿ ಡೈ ಹಾಕಿ ಕೊಡ್ತಾರೆ, ಬಣ್ಣ ಒಂದೇ ಸಮ ಕೂರುತ್ತೆ, ಮಳೆಬಿಲ್ಲು ಕಮ್ಮಿ. ಕೊಡಲಿ, ಬೇಡ ಅನ್ನಲ್ಲ. ಆದರೆ ಟ್ರೈವೇಲೆಂಟ್ ಅಂತ ಬಾಯಿಬಿಟ್ಟು ಹೇಳಿ ಕೊಡಲಿ. ಮುಚ್ಚಿಟ್ಟು ‘ಫ್ಯಾಕ್ಟರಿಯದೇ’ ಅನ್ನೋದು ಮೋಸ.

ಇನ್ನೊಂದು ಹೊಟ್ಟೆ ಉರಿಸೋ ಕೆಲಸ, ಕಾರಿನಿಂದ ಬಿಚ್ಚಿದ್ದನ್ನೆಲ್ಲ ಒಂದೇ ಬಕೆಟ್‌ಗೆ ಸುರಿದು ಎಲ್ಲಕ್ಕೂ ಹಳದಿ ಹಾಕಿಸೋದು. ಒಂದೇ ಕಾರಲ್ಲಿ ಹಳದಿ ಜಿಂಕ್ ಇರುತ್ತೆ, ಬೆಳ್ಳಗಿನ ಜಿಂಕ್ ಇರುತ್ತೆ, ಕಪ್ಪು ಬೋಲ್ಟೂ ಇರುತ್ತೆ. ಪ್ಲೇಟಿಂಗ್‌ಗೆ ಮುಂಚೆ ಹಳೇ ಲೇಪ ತೆಗೆಯೋ ಆಸಿಡ್‌ಗೆ ಬಿದ್ದ ಮೇಲೆ ಯಾವುದು ಏನಾಗಿತ್ತು ಅಂತ ಹೇಳೋಕೆ ಗುರುತೇ ಉಳಿಯಲ್ಲ. ಬಿಚ್ಚುವಾಗಲೇ ವಾಷರ್ ಅಡಿ, ಬ್ರಾಕೆಟ್ ಹಿಂದೆ ನೋಡಿ ಫೋಟೋ ತೆಗೆದು ಚೀಟಿ ಕಟ್ಟಬೇಕು. ಎಣಿಸಿ ಕೊಟ್ಟು ಎಣಿಸಿ ತಗೋಬೇಕು. ಸಣ್ಣ ಸಾಮಾನು ತುಂಬಿ ತಿರುಗಿಸುತ್ತಾ ಪ್ಲೇಟಿಂಗ್ ಮಾಡೋ ಬ್ಯಾರಲ್‌ನಲ್ಲಿ ಬೇರೆಯವರ ಮಾಲಿನ ಜೊತೆ ಉರುಳಿಸಿದರೆ ತಲೆ ಮೇಲೆ 7 ಅಂತ ಅಚ್ಚಿರೋ ಬೋಲ್ಟ್ ಹೋಗಿ ಯಾವುದೋ ಬೋಲ್ಟ್ ಬರುತ್ತೆ. ಜಪಾನಿನ ಎಂ8 (8 ಮಿ.ಮೀ. ದಪ್ಪದ) ಬೋಲ್ಟಿಗೆ 12ರ ಸ್ಪ್ಯಾನರ್ ಕೂರುತ್ತೆ, ಸಾಮಾನ್ಯ ಅಂಗಡಿಯದಕ್ಕೆ 13. ಒಂದು ಸಲ ಹೋದರೆ ಅದೇ ಗುರುತಿನದು ಎಲ್ಲಿಂದ ತರೋದು?

ಪ್ಲೇಟಿಂಗ್ ಗುಂಡಿ ತುಂಬುತ್ತೆ ಅನ್ನೋ ಭ್ರಮೆ ಬೇರೆ. ತುಕ್ಕು ತಿಂದ ಗುಂಡಿ ಗುಂಡಿಯಾಗೇ ಉಳಿಯುತ್ತೆ. ಸಣ್ಣ ಕಾಳುಗಳನ್ನು ರಭಸವಾಗಿ ಹೊಡೆದು ತುಕ್ಕು ತೆಗೆಯೋ ಬ್ಲಾಸ್ಟಿಂಗ್ ಮಾಡಿ ಹಾಗೇ ಟ್ಯಾಂಕಿಗೆ ಇಳಿಸಿದರೆ ಮಂಕು ಹಳದಿ ಬರುತ್ತೆ, ಹೊಳಪು ಬರಲ್ಲ. ಗ್ಲಾಸ್ ಬೀಡ್ (ಗಾಜಿನ ಮಣಿ) ಬ್ಲಾಸ್ಟಿಂಗ್ ಆದ ಮೇಲೆ ವೈರ್ ವ್ಹೀಲ್‌ನಲ್ಲಿ ಉಜ್ಜಿ ನಯ ಮಾಡಲೇಬೇಕು. ಹಾಗಂತ ‘ಸ್ವಲ್ಪ ದಪ್ಪಗೆ ಹಾಕಿ’ ಅಂತ ಹೇಳೋದೂ ತಪ್ಪು. ಬೋಲ್ಟಿನ ಥ್ರೆಡ್ಡಿನ ಪಿಚ್ ವ್ಯಾಸ (ಥ್ರೆಡ್ಡಿನ ನಡು ಎತ್ತರದಲ್ಲಿ ಅಳೆಯೋ ವ್ಯಾಸ) ಲೇಪದ ದಪ್ಪದ ನಾಲ್ಕು ಪಟ್ಟಿನಷ್ಟು ಹೆಚ್ಚುತ್ತೆ: 25 ಮೈಕ್ರಾನ್ ಹಾಕಿದರೆ 0.1 ಮಿ.ಮೀ. ನಟ್ ಅರ್ಧದಲ್ಲೇ ಹಿಡಿದುಕೊಳ್ಳುತ್ತೆ. ಆಮೇಲೆ ಥ್ರೆಡ್ ಕೊರೆಯೋ ಟ್ಯಾಪ್ ಹಾಕಿ, ಹಾಕಿಸಿದ ಲೇಪವನ್ನೇ ಕೆರೆಯೋದು!

ನಿಜವಾಗಿ ಭಯ ಆಗೋದು ಸ್ಪ್ರಿಂಗ್, ಸರ್ಕ್ಲಿಪ್, ಕನೆಕ್ಟಿಂಗ್ ರಾಡ್ ಬೋಲ್ಟ್‌ಗಳನ್ನೂ ಅದೇ ಬಕೆಟ್‌ಗೆ ಹಾಕಿದಾಗ. ಆಸಿಡ್‌ನಲ್ಲೂ ಪ್ಲೇಟಿಂಗ್‌ನಲ್ಲೂ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಸೇರುತ್ತೆ. ಹೊರಗೆ ಫಳಫಳ, ಬಿಗಿ ಮಾಡಿ ಕೆಲವು ಗಂಟೆ ಆದ ಮೇಲೆ ಪಟ್ ಅಂತ ಮುರಿಯುತ್ತೆ. ಗಟ್ಟಿ ಉಕ್ಕಿಗೆ ಪ್ಲೇಟಿಂಗ್ ಮಾಡಲೇಬೇಕಾದರೆ ತಡಮಾಡದೆ 190ರಿಂದ 220 ಡಿಗ್ರಿಯಲ್ಲಿ ಕನಿಷ್ಠ 4 ಗಂಟೆ ಓವನ್‌ನಲ್ಲಿಡಬೇಕು, ಅದೂ ಕ್ರೋಮೇಟಿಗೆ ಮುಂಚೆ. ಕ್ರೋಮೇಟ್ ಆದ ಮೇಲೆ ಬಿಸಿ ಮಾಡಿದರೆ ಪೊರೆ ಒಣಗಿ ಬಿರಿದು ತುಕ್ಕು ತಡೆಯೋ ಗುಣವೇ ಹೋಗುತ್ತೆ. ‘ಬೇಕ್ ಮಾಡ್ತೀರಾ?’ ಅಂತ ಕೇಳಿದರೆ ಮುಖ ಮುಖ ನೋಡೋ ಕಡೆ ಇವನ್ನು ಕೊಡಲೇಬಾರದು.

ಬೂಸ್ಟರನ್ನು ಬಿಚ್ಚದೆ ಟ್ಯಾಂಕಿಗೆ ಇಳಿಸೋರೂ ಇದ್ದಾರೆ. ಅಂಚಿನ ಮಡಿಕೆಯಲ್ಲಿ ಆಸಿಡ್ ನಿಂತು, ಒಳಗಿನಿಂದ ತಿಂದು, ಒಳಗಿನ ರಬ್ಬರ್ ಪೊರೆ (ಡಯಾಫ್ರಮ್) ಹಾಳಾಗಿ ಬ್ರೇಕಿಗೇ ಕುತ್ತು. ಒಳಗೆ ಬಿಗಿ ಸ್ಪ್ರಿಂಗ್ ಇರುತ್ತೆ, ಬಲ್ಲವರಿಂದಲೇ ಬಿಚ್ಚಿಸಿ ಎರಡು ಹೋಳನ್ನೂ ಬೇರೆ ಬೇರೆ ಮಾಡಿಸಬೇಕು.

ಇಷ್ಟೆಲ್ಲ ಸರಿಯಾಗಿ ಮಾಡಿದ ಮೇಲೂ ಕೊನೇ ಗಳಿಗೆಯಲ್ಲಿ ಕೆಡಿಸ್ತಾರೆ. ಟ್ಯಾಂಕಿನಿಂದ ತೆಗೆದ ಪೊರೆ ಮೆತ್ತಗಿರುತ್ತೆ, ಗಟ್ಟಿಯಾಗೋಕೆ 24 ಗಂಟೆ ಬೇಕು. ಕುದಿಯೋ ನೀರಲ್ಲಿ ತೊಳೆದರೆ ಹಳದಿ ಬಿಟ್ಟುಹೋಗುತ್ತೆ. ಒದ್ದೆ ಇರುವಾಗಲೇ ಚೀಲಕ್ಕೆ ತುಂಬಿ ಎತ್ತಿ ಕೊಡ್ತಾರೆ. ಚೀಲ ಬಿಚ್ಚಿದರೆ ಪ್ರತಿ ಬೋಲ್ಟಿನ ಮೂಲೆಯಲ್ಲೂ ಬಿಳಿ ಗೀರು. ಒಂದು ದಿನ ತಂತಿಗೆ ನೇತುಹಾಕಿ ಮುಟ್ಟದೆ ಬಿಡೋಕೆ ಏನ್ರೀ ಕಷ್ಟ?