ಗಿರಣಿ ಮನೆ ಹುಡುಗನ ಮೋಡಗಳು

ಸಾವಿರ ತುಂಡುಗಳ ಜಿಗ್‌ಸಾ ಪಜಲ್ ನಮ್ಮನೆಗೆ ಬಂದು ಮೂರು ವಾರವಾಯಿತು. ಅಂದಿನಿಂದ ಊಟದ ಟೇಬಲ್ ಅದರ ಪಾಲು, ನಮ್ಮ ಊಟ ನೆಲದ ಮೇಲೆ. ಚಿತ್ರದ ಹೆಸರು ‘ದಿ ಹೇ ವೇನ್’. ಹೊಳೆಗೆ ಇಳಿದು ನಿಂತ ಖಾಲಿ ಹುಲ್ಲುಗಾಡಿ, ದಡದಲ್ಲಿ ಒಂದು ನಾಯಿ, ಎಡಗಡೆ ಒಂದು ಹಳೇ ಮನೆ. ಇಷ್ಟೂ ನಾಲ್ಕೇ ದಿನದಲ್ಲಿ ಕೂಡಿಕೊಂಡವು. ನಾನು ಸಿಕ್ಕಿಹಾಕಿಕೊಂಡಿದ್ದು ಆಕಾಶದಲ್ಲಿ. ಇನ್ನೂರಕ್ಕಿಂತ ಜಾಸ್ತಿ ತುಂಡು, ಎಲ್ಲವೂ ಮೋಡ.

“ಯಾರೋ ಬರೆದಿದ್ದು ಇದನ್ನ?” ಅಮ್ಮ ಕೇಳಿದರು.

“ಕಾನ್‌ಸ್ಟೇಬಲ್ ಅಂತ.”

“ಪೊಲೀಸಿನವರಿಗೆ ಇಷ್ಟೊಂದು ಪುರುಸೊತ್ತು ಇರುತ್ತಾ?”

ಜಾನ್ ಕಾನ್‌ಸ್ಟೇಬಲ್ ಪೊಲೀಸಲ್ಲ, ಗಿರಣಿ ಮಾಲೀಕರ ಮಗ. 1776ರಲ್ಲಿ ಇಂಗ್ಲೆಂಡಿನ ಸಫೋಕ್ ಸೀಮೆಯ ಈಸ್ಟ್ ಬರ್ಗ್‌ಹೋಲ್ಟ್ ಎಂಬ ಹಳ್ಳಿಯಲ್ಲಿ ಹುಟ್ಟಿದವನು. ಅಪ್ಪ ಗೋಲ್ಡಿಂಗ್ ಕಾನ್‌ಸ್ಟೇಬಲ್ ಕಾಳಿನ ವ್ಯಾಪಾರಿ. ಸ್ಟೌರ್ ಹೊಳೆಯ ದಂಡೆಯಲ್ಲಿ, ಫ್ಲಾಟ್‌ಫರ್ಡ್ ಮತ್ತು ಡೆಡಮ್‌ನಲ್ಲಿ, ನೀರಿನಿಂದ ತಿರುಗುವ ಗಿರಣಿಗಳಿದ್ದವು. ಊರ ಹೊರಗಿನ ಬಯಲಲ್ಲಿ ಒಂದು ಗಾಳಿಗಿರಣಿ. ಓದು ಮುಗಿಸಿದ ಹುಡುಗ ಗಿರಣಿ ಕೆಲಸಕ್ಕೇ ಸೇರಿದ. ಹಿಟ್ಟಿನ ವ್ಯಾಪಾರ ಅವನೇ ನೋಡಿಕೊಳ್ಳಲಿ ಅನ್ನೋದು ಅಪ್ಪನ ಆಸೆ.

ಗಾಳಿಗಿರಣಿಯವನಿಗೆ ಆಕಾಶ ನೋಡೋದು ಹವ್ಯಾಸವಲ್ಲ, ಹೊಟ್ಟೆಪಾಡು. ಗಾಳಿ ಬರುವ ದಿಕ್ಕಿಗೆ ರೆಕ್ಕೆ ತಿರುಗಿಸಬೇಕು. ಜೋರು ಗಾಳಿ ಬರುವ ಸೂಚನೆ ಕಂಡರೆ ರೆಕ್ಕೆಯ ಬಟ್ಟೆ ಸುತ್ತಿಡಬೇಕು. ಯಾವ ಮೋಡ ಸುಮ್ನೆ ಹಾದುಹೋಗುತ್ತೆ, ಯಾವುದು ಗಾಳಿ ಹೊತ್ತು ತರುತ್ತೆ ಅಂತ ಗೊತ್ತಿರಬೇಕು. ಆ ಗಿರಣಿಯ ಮರದ ಮೇಲೆ ಹುಡುಗ ಒಂದು ಗಾಳಿಗಿರಣಿಯ ಚಿತ್ರ ಕೊರೆದು, ಕೆಳಗೆ ತನ್ನ ಹೆಸರು ಮತ್ತು 1792 ಅಂತ ಕೆತ್ತಿದ. ಹದಿನಾರು ವರ್ಷದವನು. ನಾವೆಲ್ಲ ಬೆಂಚಿನ ಮೇಲೆ ಹೆಸರು ಕೊರೆದು ಏಟು ತಿಂದವರೇ, ಅಲ್ವಾ?

ಮುಂದೆ ವ್ಯಾಪಾರ ವಹಿಸಿಕೊಂಡದ್ದು ತಮ್ಮ ಏಬ್ರಮ್. ಅಣ್ಣ ಬರೆದ ಗಿರಣಿಗಳನ್ನು ನೋಡಿದರೆ ಅವು ತಿರುಗುತ್ತವೆ ಅನ್ನಿಸುತ್ತದೆ, ಬೇರೆಯವರು ಬರೆದವು ಎಲ್ಲ ಸಲ ಹಾಗಲ್ಲ ಎಂದು ಅವನು ಹೇಳುತ್ತಿದ್ದನಂತೆ. ಯಾವ ವಿಮರ್ಶಕನೂ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಕೊಟ್ಟಿರಲಾರ.

ಗುರುಗಳೂ ಇದ್ದರು. ಮೊದಲನೆಯವನು ಜಾನ್ ಡನ್‌ಥಾರ್ನ್. ಊರಿನ ಪ್ಲಂಬರ್, ಕಿಟಕಿಗೆ ಗಾಜು ಕೂರಿಸುವ ಕೆಲಸವೂ ಅವನದೇ. ಇಬ್ಬರೂ ಈಸೆಲ್ ಹೊತ್ತು ಹೊಲಕ್ಕೆ ಹೋಗುತ್ತಿದ್ದರು. ನೆರಳು ಸರಿಯಿತೋ, ಗಂಟುಮೂಟೆ ಕಟ್ಟಿ ವಾಪಸ್. ಮರುದಿನ ಅದೇ ಹೊತ್ತಿಗೆ ಮತ್ತೆ ಅದೇ ಜಾಗ. ಎರಡನೆಯವರು ಶ್ರೀಮಂತ ಸರ್ ಜಾರ್ಜ್ ಬೋಮಂಟ್. ತಾಯಿಯನ್ನು ನೋಡಲು ಡೆಡಮ್‌ಗೆ ಬರುವಾಗ ಕ್ಲೋಡ್ ಎಂಬ ಫ್ರೆಂಚ್ ಚಿತ್ರಕಾರನ ಸಣ್ಣ ಚಿತ್ರವೊಂದನ್ನು ಗಾಡಿಯಲ್ಲಿ ಜೊತೆಗೇ ತರುತ್ತಿದ್ದರು. ಒಳ್ಳೆಯ ಚಿತ್ರ ಹೇಗಿರುತ್ತದೆ ಅಂತ ಹುಡುಗನಿಗೆ ಗೊತ್ತಾಗಿದ್ದು ಅದನ್ನು ನೋಡಿ. 1799ರಲ್ಲಿ ಅಪ್ಪ ಮನಸ್ಸಿಲ್ಲದ ಮನಸ್ಸಿನಿಂದ ಲಂಡನ್ನಿಗೆ ಕಳಿಸಿದರು. ಚಿತ್ರಕಲೆ ಕಲಿಸುವ ರಾಯಲ್ ಅಕಾಡೆಮಿಯಲ್ಲಿ ಕಲಿತ, ರೈಸ್‌ಡಾಲ್ ಎಂಬ ಡಚ್ ಚಿತ್ರಕಾರನ ಚಿತ್ರಗಳನ್ನು ನಕಲು ಮಾಡಿದ. ಬೆಳಕು, ನೆರಳು ಎಂದೂ ನಿಂತಲ್ಲಿ ನಿಲ್ಲುವುದಿಲ್ಲ ಅಂತ ಅಕಾಡೆಮಿಯ ಅಧ್ಯಕ್ಷ ಬೆಂಜಮಿನ್ ವೆಸ್ಟ್ ಅವನಿಗೆ ಬುದ್ಧಿ ಹೇಳಿದರಂತೆ. ಗಿರಣಿ ಹುಡುಗನಿಗೆ ಇದು ಹೊಸ ವಿಷಯವೇ?

ಹೊಸದಲ್ಲ ಅಂತ ನನ್ನ ಲೆಕ್ಕ. 1821ರಲ್ಲಿ, ಈ ಹುಲ್ಲುಗಾಡಿ ಬರೆದ ವರ್ಷವೇ, ಗೆಳೆಯನಿಗೊಂದು ಕಾಗದ ಬರೆದ. ಗಿರಣಿ ಕಟ್ಟೆಯಿಂದ ನೀರು ಧುಮುಕುವ ಸದ್ದು, ಕೊಳೆತ ಹಲಗೆ, ಪಾಚಿ ಹಿಡಿದ ಕಂಬ, ಇಟ್ಟಿಗೆ ಗೋಡೆ, ಇವೆಲ್ಲ ನನಗೆ ಇಷ್ಟ, ಸ್ಟೌರ್ ದಂಡೆಯೇ ನನ್ನನ್ನು ಚಿತ್ರಕಾರ ಮಾಡಿದ್ದು ಅಂತ ಅದರಲ್ಲಿದೆ. ಅಕಾಡೆಮಿಯ ಹೆಸರು ಆ ಪಟ್ಟಿಯಲ್ಲಿ ಇಲ್ಲ.

ಅವನ ಕಾಲದ ಇನ್ನೊಬ್ಬ ಚಿತ್ರಕಾರ ಫ್ಯೂಸೆಲಿ, ಕಾನ್‌ಸ್ಟೇಬಲ್ ಚಿತ್ರ ನೋಡಲು ಹೊರಟಾಗ ಕೋಟು, ಛತ್ರಿ ಕೊಡಿ ಅಂತ ಕೇಳಿದನಂತೆ. ಹೊಟ್ಟೆಕಿಚ್ಚೋ ಮೆಚ್ಚುಗೆಯೋ!

ನಿನ್ನೆ ಸಂಜೆ ತಾರಸಿಯಿಂದ ಸಂಡಿಗೆ ಎತ್ತಿಕೊಂಡು ಬಂದ ಅಮ್ಮ ಟೇಬಲ್ ಹತ್ತಿರ ನಿಂತರು. ನಾನು ಅರ್ಧ ಗಂಟೆಯಿಂದ ಬಲಗಡೆ ತುರುಕುತ್ತಿದ್ದ ತುಂಡನ್ನು ಕೈಯಿಂದ ಕಿತ್ತುಕೊಂಡರು.

“ಇದು ಮಳೆ ಮೋಡ ಕಣೋ. ಬಿಸಿಲಿರೋ ಕಡೆ ಹೇಗೆ ಕೂರುತ್ತೆ?”

ಎಡಗಡೆ, ಮರದ ಮೇಲ್ಗಡೆ ಇಟ್ಟು ಬೆರಳಿಂದ ಒತ್ತಿದರು. ಕೂತಿತು.