ಕೌದಿ ಹೊಲಿಯುವವರಿಲ್ಲ ಅನ್ನುವ ಮೊದಲು ನಿಮ್ಮ ಕಪಾಟು ತೆಗೆದು ನೋಡಿ

ಚಳಿ ಬಿದ್ದರೆ ಸಾಕು, ಯಾರಾದರೊಬ್ಬರು ಅಜ್ಜಿಯ ಕೌದಿಯ, ಅಂದರೆ ಹಳೇ ಬಟ್ಟೆ ಕೂಡಿಸಿ ಹೊಲಿದ ಹೊದಿಕೆಯ, ಫೋಟೊ ಹಾಕಿ ಮರುಗುತ್ತಾರೆ. "ಈಗಿನ ಹೆಣ್ಣುಮಕ್ಕಳಿಗೆ ಸೂಜಿ ಹಿಡಿಯೋದೇ ಗೊತ್ತಿಲ್ಲ, ಬರೀ ಮೊಬೈಲು" ಅನ್ನುವ ಸಾಲೂ ಜೊತೆಗೆ ಇದ್ದೇ ಇರುತ್ತದೆ. ಹೀಗೆ ಬರೆಯುವವರಲ್ಲಿ ಗಂಡಸರೇ ಜಾಸ್ತಿ. ಇರಲಿ.

ನಾನು ಹುಬ್ಬಳ್ಳಿಯಲ್ಲಿ ಕೂತು ಮನೆಯವರಿಗೆ ಕೌದಿ, ಮಕ್ಕಳ ಅಂಗಿ, ದಿಂಬಿನ ಗಲೀಫು, ಸಂತೆ ಚೀಲ ಅಂತ ಏನಾದರೂ ಹೊಲಿಯುತ್ತಲೇ ಇರುವವಳು. ನಾನು ಕಂಡದ್ದು ಬೇರೆ. ಸೂಜಿ ಹಿಡಿಯುವವರು ಇದ್ದಾರೆ. ಕಲಿಸಿಕೊಡಿ ಅಂತ ಬರುವ ಹುಡುಗಿಯರೂ ಇದ್ದಾರೆ. ಇಲ್ಲದ್ದು ಬಟ್ಟೆ. ಕೌದಿಗೆ ಆಗುವಂಥ ಹಳೇ ಬಟ್ಟೆ ನಮ್ಮ ಮನೆಗಳಲ್ಲಿ ಉಳಿದಿಲ್ಲ.

ಕೌದಿ ನೋಡದವರಿಗೆ ಒಂದು ಮಾತು. ಗಾದಿಯ ಹಾಗೆ ಇದರೊಳಗೆ ಪಿಂಜಿದ ಹತ್ತಿ ತುಂಬುವುದಿಲ್ಲ. ಪದರ ಪದರವಾಗಿ ಬರೀ ಬಟ್ಟೆ. ಕೆಳಗೆ ಅಸ್ತರಿಗೆ ಒಂದು ಇಡೀ ಸೀರೆ ಅಥವಾ ಧೋತರ. ನಡುವೆ ಸವೆದ ಬಟ್ಟೆ, ಹರಿದ ಬಟ್ಟೆ, ಯಾರಿಗೂ ತೋರಿಸಲಾಗದ ಬಟ್ಟೆ. ಮೇಲೆ ಚಂದದ ತುಂಡುಗಳು. ನೆಲದ ಮೇಲೆ ಹಾಸಿ, ಸುಕ್ಕು ತೆಗೆದು, ಅಂಚಿನಿಂದ ಒಳಕ್ಕೆ ಸಾಲು ಸಾಲಾಗಿ ಸೂಜಿ ಓಡಿಸುತ್ತಾ ಹೋಗಬೇಕು. ಸಾಲಿನಿಂದ ಸಾಲಿಗೆ ಬೆರಳಗಲ ಜಾಗ. ನಾಲ್ಕು ಜನ ಕೂತರೆ ನಾಲ್ಕೂ ಕಡೆಯಿಂದ ಹೊಲಿಯುತ್ತಾ ಬಂದು ನಡುವೆ ಸೇರುತ್ತಾರೆ. ಮುಗಿಯುವ ಹೊತ್ತಿಗೆ ಆ ನಟ್ಟನಡುವಿನ ತುಂಡಿನ ಕೆಳಗೆ ನಾಲ್ಕು ಕಾಳು ಇಟ್ಟು ಹೊಲಿಯುವವರೂ ಇದ್ದಾರೆ. ಕೌದಿಯ ಹೊಟ್ಟೆ ಖಾಲಿ ಇರಬಾರದಂತೆ.

ಹಳಿಯಾಳ, ಯಲ್ಲಾಪುರದ ಕಡೆ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ಕೌದಿ ನೋಡಿದ್ದೀರಾ? ಧಾರವಾಡದಿಂದ ದೂರವೇನಲ್ಲ. ಮೂಲೆಗಳಿಗೆ ತ್ರಿಕೋನವಾಗಿ ಮಡಿಸಿದ ಪುಟ್ಟ ತುಂಡುಗಳನ್ನು ಹೂವಿನಂತೆ ಕೂರಿಸುತ್ತಾರೆ. ಒಂದು ಮೂಲೆಯಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ಬಣ್ಣ ಕೂಡಿಸುವ ಅವರ ಕಣ್ಣು ನನಗೆ ಇಷ್ಟು ವರ್ಷವಾದರೂ ಬಂದಿಲ್ಲ.

ಬಟ್ಟೆಯ ಮಾತಿಗೆ ಬರುತ್ತೇನೆ. ನಮ್ಮ ಅಜ್ಜಿಯರು ಉಡುತ್ತಿದ್ದದ್ದು ಎಂಟು, ಒಂಬತ್ತು ಗಜದ ಇಳಕಲ್ ಸೀರೆ. ಒಂಬತ್ತು ಗಜ ಅಂದರೆ ಎಂಟು ಮೀಟರಿಗೂ ಜಾಸ್ತಿ. ಈಗಿನ ಸೀರೆ ಐದೂವರೆ ಮೀಟರು. ಇಳಕಲ್ ಸೀರೆಗೆ ಒಡಲು ಹತ್ತಿ, ಸೆರಗು ರೇಷ್ಮೆ. ಎರಡರ ಹಾಸುನೂಲನ್ನು ಮಗ್ಗದ ಮೇಲೆ ಕುಣಿಕೆ ಹಾಕಿ ಕೂಡಿಸುತ್ತಾರೆ, ಅದಕ್ಕೇ ಕೊಂಡಿ ಅನ್ನುವುದು. ಹಬ್ಬಕ್ಕೆ ಉಟ್ಟ ಸೀರೆ ಆಮೇಲೆ ದಿನದ ಸೀರೆಯಾಗುತ್ತಿತ್ತು. ಆಮೇಲೆ ಹೊಲದ ಸೀರೆ. ನೂರಾರು ಸಲ ಕಲ್ಲಿಗೆ ಬಡಿಸಿಕೊಂಡು, ಬಿಸಿಲಲ್ಲಿ ಒಣಗಿ, ಅದರ ಗಂಜಿಯೆಲ್ಲ ಹೋಗಿ, ನೂಲು ಮೆತ್ತಗಾಗಿ ಕೊನೆಗೆ ಕೌದಿಗೆ ಬರುತ್ತಿತ್ತು. ಅಷ್ಟು ಸವೆದ ಹತ್ತಿಯನ್ನು ಐದಾರು ಪದರ ಇಟ್ಟರೂ ಸೂಜಿ ಬೆಣ್ಣೆಯೊಳಗೆ ಹೋದಂತೆ ಹೋಗುತ್ತದೆ. ಕೌದಿ ಹೊಲಿಯುವ ಕೆಲಸದ ಅರ್ಧ ಭಾಗ ಸೂಜಿ ಹಿಡಿಯುವ ಮೊದಲೇ, ಆ ಸೀರೆ ಉಟ್ಟವಳು ಮಾಡಿ ಮುಗಿಸಿರುತ್ತಿದ್ದಳು.

ಈಗ ನಿಮ್ಮ ಕಪಾಟು ತೆಗೆಯಿರಿ. ಸಿಂಥೆಟಿಕ್ ಸೀರೆ, ಲೆಗ್ಗಿಂಗ್ಸು, ಪಾಲಿಯೆಸ್ಟರ್ ಕುರ್ತಾ, ಕ್ರಿಕೆಟ್ ತಂಡದ ಹೆಸರು ಬರೆದ ಟೀ ಶರ್ಟು. ಇವುಗಳಲ್ಲಿ ಕೌದಿ ಹೊಲಿಯಲು ಕೂತರೆ ಏನಾಗುತ್ತದೆ ಗೊತ್ತಾ? ಪದರಗಳು ಒಂದರ ಮೇಲೊಂದು ನಿಲ್ಲುವುದಿಲ್ಲ, ಜಾರುತ್ತವೆ. ಅಂಚಿನಲ್ಲಿ ಸರಿ ಇದ್ದದ್ದು ನಡುವಿಗೆ ಬರುವಾಗ ಉಬ್ಬಿ ನಿಲ್ಲುತ್ತದೆ. ಸೂಜಿ ಅಲ್ಲಲ್ಲೇ ಸಿಕ್ಕಿಬಿದ್ದು ನೂಲು ಕಿತ್ತುಬರುತ್ತದೆ. ಹೇಗೋ ಹೊಲಿದು ಮುಗಿಸಿದಿರಿ ಅಂತಿಟ್ಟುಕೊಳ್ಳಿ, ಹೊದ್ದವರಿಗೆ ಬೆವರು. ಸಾಧಾರಣ ಹವೆಯಲ್ಲಿ ಹತ್ತಿ ತನ್ನ ತೂಕದ ಶೇಕಡಾ 8ರ ಹತ್ತಿರ ತೇವ ಹಿಡಿದುಕೊಳ್ಳುತ್ತದೆ. ಪಾಲಿಯೆಸ್ಟರ್ ಹಿಡಿಯುವುದು ಅರ್ಧ ಪರ್ಸೆಂಟಿಗಿಂತ ಕಡಿಮೆ. ಮೈಯ ಬೆವರು ಹೋಗುವುದೆಲ್ಲಿಗೆ? ಮೈಗೇ ಅಂಟಿಕೊಂಡು ಕೂರುತ್ತದೆ. ನಮ್ಮ ಅತ್ತೆ ಅಂಥದ್ದೊಂದನ್ನು ಒಂದು ರಾತ್ರಿ ಹೊದ್ದು ಬೆಳಿಗ್ಗೆ ವಾಪಸ್ಸು ಕೊಟ್ಟರು. "ಪ್ಲಾಸ್ಟಿಕ್ ಚೀಲದಾಗ ಮಲಗಿಧಂಗ ಆತು, ತಂಗಿ, ಒಯ್ಯಿ ಇದನ್ನ."

ಅವರ ಮಾತಿನಲ್ಲಿ ಸುಳ್ಳೇನೂ ಇಲ್ಲ. ಪಾಲಿಯೆಸ್ಟರ್ ಬರುವುದು ಪೆಟ್ರೋಲಿಯಂನಿಂದಲೇ. ಅಂಗಡಿಯವರು "ಪ್ಯೂರ್ ಕಾಟನ್ ಅಕ್ಕಾರ" ಅಂತ ಆಣೆ ಮಾಡಿ ಕೊಟ್ಟದ್ದರಲ್ಲೂ ಅರ್ಧ ಇದೇ ಇರುತ್ತದೆ. ಅನುಮಾನವಿದ್ದರೆ ಅಂಚಿನಿಂದ ಎರಡು ಎಳೆ ನೂಲು ತೆಗೆದು ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಮೆತ್ತಗಿನ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಅಂಗಡಿಯಲ್ಲೇ ಮಾಡಬೇಡಿ ಮತ್ತೆ, ಮನೆಗೆ ತಂದು ಮಾಡಿ.

ಇದೆಲ್ಲ ಬೇರೆ ಯಾವುದೋ ಊರಲ್ಲಿ ಆಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ನಾವು ಇರುವುದು ಹತ್ತಿಯ ನಾಡಿನಲ್ಲಿ. ಧಾರವಾಡ, ಗದಗ, ಹಾವೇರಿಯ ಎರೆ ಹೊಲಗಳಲ್ಲಿ ಮಳೆಯನ್ನೇ ನಂಬಿ ಜಯಧರ ಹತ್ತಿ ಬೆಳೆಯುತ್ತಿದ್ದರು. ಎಳೆ ಗಿಡ್ಡ, ಆದರೆ ಗಾದಿಗೆ ಹೇಳಿ ಮಾಡಿಸಿದಂಥದ್ದು. ದೇಶದಲ್ಲೆಲ್ಲ ಹೆಸರು ಮಾಡಿದ ವರಲಕ್ಷ್ಮಿ ಹೈಬ್ರಿಡ್ ಹತ್ತಿ 1972ರಲ್ಲಿ ಬಂದದ್ದು ನಮ್ಮ ಧಾರವಾಡದಿಂದ. 2002ರಲ್ಲಿ ಬಿಟಿ ಅನ್ನುವ ಕುಲಾಂತರಿ ಹತ್ತಿ ಬಂತು, ಆಮೇಲಿನ ಕಥೆ ರೈತರಿಗೇ ಗೊತ್ತು. ಗದಗಿನ ಪಕ್ಕದ ಬೆಟಗೇರಿಯಲ್ಲಿ ಮಗ್ಗಗಳ ಸದ್ದು ಇನ್ನೂ ಪೂರ್ತಿ ನಿಂತಿಲ್ಲ. ನವಲಗುಂದದ ಜಮಖಾನೆ ಹತ್ತಿಯದು. ಇಷ್ಟೆಲ್ಲ ಸುತ್ತ ಇಟ್ಟುಕೊಂಡು ನಾವು ಸೂರತ್ತಿನಿಂದ ಬಂದ ಪ್ರಿಂಟೆಡ್ ಸೀರೆ ಉಡುತ್ತೇವೆ. ನಾನೂ ಉಡುತ್ತೇನೆ. ಇಸ್ತ್ರಿ ಬೇಡ, ಬೇಗ ಒಣಗುತ್ತದೆ, ಅಗ್ಗ. ಬೆಳಿಗ್ಗೆ ಡಬ್ಬಿ ಕಟ್ಟಿ ಕೆಲಸಕ್ಕೆ ಓಡುವ ಹೆಂಗಸಿಗೆ ಗಂಜಿ ಹಾಕಿದ ಕಾಟನ್ ಸೀರೆ ಉಡು ಅಂತ ಬುದ್ಧಿ ಹೇಳುವಷ್ಟು ಧೈರ್ಯ ನನಗಿಲ್ಲ.

ಬಾವುಟದ ಕಥೆಯೂ ಹೀಗೇ. ಬಾವುಟದ ಬಟ್ಟೆ ನೇಯುವ ಗರಗದ ಖಾದಿಯ ಹೆಸರು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಶುರುವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. ಅಲ್ಲಿ ರಾಷ್ಟ್ರಧ್ವಜ ಹೊಲಿಯುವವರಲ್ಲಿ ಹೆಚ್ಚಿನವರು ಹೆಂಗಸರು. ನೂಲು, ಬಣ್ಣ, ಅಳತೆ, ಹೊಲಿಗೆ ಎಲ್ಲಕ್ಕೂ ನಿಯಮ. ಅಳತೆಯಲ್ಲಿ ಚೂರು ಆಚೀಚೆ ಆದರೂ ನಡೆಯುವುದಿಲ್ಲ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿ ಬಂತು. ಪಾಲಿಯೆಸ್ಟರ್ ಬಾವುಟವೂ ನಡೆಯುತ್ತದೆ, ಯಂತ್ರದಲ್ಲಿ ಮಾಡಿದ್ದೂ ನಡೆಯುತ್ತದೆ ಅಂತಾಯಿತು. ಎಲ್ಲರ ಮನೆಗೂ ಅಗ್ಗದ ಬಾವುಟ ಸಿಗಲಿ ಅನ್ನುವುದು ಸರಿಯೇ ಇರಬಹುದು. ಆದರೆ ಬೆಂಗೇರಿಯ ಆ ಹೆಂಗಸರ ಹೊಲಿಗೆಯಲ್ಲಿ ಏನೂ ಕೊರತೆ ಇರಲಿಲ್ಲ. ಬದಲಾದದ್ದು ಬಟ್ಟೆ. ಪೆಟ್ಟು ಬಿದ್ದದ್ದು ಅವರ ಕೆಲಸಕ್ಕೆ.

ಉಡಿ ತುಂಬುವಾಗ ಕೊಡುವ ಖಣದ ಕಥೆ ಇನ್ನೂ ಮಜಾ. ಒಂದು ಕಾಲಕ್ಕೆ ಗುಳೇದಗುಡ್ಡದ ಖಣ ಕೊಡುತ್ತಿದ್ದರು. ಪಡೆದವಳು ಕುಬಸ ಹೊಲಿಸಿಕೊಳ್ಳುತ್ತಿದ್ದಳು. ಉಳಿದ ತುಂಡಿನಲ್ಲಿ ಕೂಸಿಗೆ ಕುಂಚಿಗೆ ಆಗುತ್ತಿತ್ತು, ಅಜ್ಜನಿಗೆ ಎಲೆ ಅಡಿಕೆ ಸಂಚಿ ಆಗುತ್ತಿತ್ತು. ಈಗ ಕೊಡುವ ಬ್ಲೌಸ್ ಪೀಸ್ ತೀರಾ ತೆಳು. ಹೊಲಿಯಲೆಂದು ಯಾರೂ ಕೊಡುವುದಿಲ್ಲ, ಹೊಲಿಸಿಕೊಳ್ಳಲೆಂದು ಯಾರೂ ತೆಗೆದುಕೊಳ್ಳುವುದಿಲ್ಲ. ನಾನು ಕೊಟ್ಟದ್ದು ನಾಲ್ಕು ಮನೆ ಸುತ್ತಿ ಗೌರಿ ಹುಣ್ಣಿಮೆಗೆ ನನಗೇ ವಾಪಸ್ಸು ಬಂದಿದೆ. ಅಂಚಿನ ಮೇಲೆ ನಾನೇ ಹಚ್ಚಿದ ಅರಿಶಿನದ ಗುರುತು ಹಾಗೇ ಇತ್ತು! ದಯವಿಟ್ಟು ಒಂದು ಮೀಟರ್ ಒಳ್ಳೆಯ ಕಾಟನ್ ಕೊಡಿ, ಇಲ್ಲಾಂದ್ರೆ ಬರೀ ಅಕ್ಕಿ, ಕೊಬ್ಬರಿ ಬಟ್ಟಲು ಕೊಡಿ. ದೇವರು ಏನೂ ಅಂದುಕೊಳ್ಳುವುದಿಲ್ಲ.

ಮಷಿನ್ ಮೇಲೆ ಕೌದಿ ಹೊಲಿಯಬಾರದಾ ಅಂತ ಕೇಳುತ್ತಾರೆ. ಮಕ್ಕಳ ಬಟ್ಟೆ, ಪರದೆ, ಚೀಲಕ್ಕೆಲ್ಲ ನಾನೂ ಮಷಿನ್ನೇ ತುಳಿಯುತ್ತೇನೆ. ಮಗಳ ಪರಕರಕ್ಕೆ ಕೆಳಗಡೆ ಎರಡು ಪಟ್ಟಿ ಮಡಿಸಿ ಹೊಲಿದಿಟ್ಟರೆ ಅವಳು ಬೆಳೆದಂತೆ ಒಂದೊಂದೇ ಬಿಚ್ಚಬಹುದು. ಅಂಗಡಿಯ ಬಟ್ಟೆಯಲ್ಲಿ ಒಳಗೆ ಬಿಚ್ಚಲು ಬಟ್ಟೆಯನ್ನೇ ಬಿಟ್ಟಿರುವುದಿಲ್ಲ. ಆದರೆ ಕೌದಿಗೆ ಕೈಹೊಲಿಗೆಯೇ ಬೇಕು ಅನ್ನುವವಳು ನಾನು. ಮಷಿನ್ ಹೊಲಿಗೆ ಬಿಗಿ. ಐದಾರು ಪದರವನ್ನು ಬಿಗಿದರೆ ಕೌದಿ ರಟ್ಟಾಗುತ್ತದೆ, ಮೈಗೆ ಸುತ್ತಿಕೊಳ್ಳುವುದಿಲ್ಲ. ಕೈಹೊಲಿಗೆ ಚೂರು ಸಡಿಲ ಇರುತ್ತದೆ, ಎಳೆದರೆ ಹಿಗ್ಗುತ್ತದೆ. ದಾರವೂ ಹತ್ತಿಯದೇ ಇರಲಿ. ಹಳೇ ಬಟ್ಟೆಗೆ ನೈಲಾನ್ ಹಾಕಿದರೆ, ಬಟ್ಟೆಗಿಂತ ದಾರ ಗಟ್ಟಿಯಾಗಿ ಒಗೆದ ಹಾಗೆಲ್ಲ ಬಟ್ಟೆಯನ್ನೇ ಕೊಯ್ಯುತ್ತದೆ. ದಾರ ಹರಿದರೆ ಮತ್ತೆ ಹೊಲಿಯಬಹುದು. ಬಟ್ಟೆ ಹರಿದರೆ ಏನು ಮಾಡುತ್ತೀರಿ?

ಜಾಗದ ಕಷ್ಟವೂ ಇದೆ. ಅವ್ವನ ಮನೆಯಲ್ಲಿ ಪಡಸಾಲೆ ಇತ್ತು. ಸುಗ್ಗಿ ಮುಗಿದ ಮೇಲೆ ಬೇಸಿಗೆಯಲ್ಲಿ ಅಲ್ಲಿ ಹಾಸಿದ ಕೌದಿ ಮುಗಿಯುವವರೆಗೆ ಅಲ್ಲೇ ಬಿದ್ದಿರುತ್ತಿತ್ತು, ಹೋಗುವವರು ಬರುವವರು ದಾಟಿಕೊಂಡು ಹೋಗುತ್ತಿದ್ದರು. ಡಬಲ್ ಬೆಡ್‌ರೂಮ್ ಮನೆಯಲ್ಲಿ ಸೋಫಾ, ಟೀಪಾಯಿ ಸರಿಸಿ ಹಾಸಬೇಕು, ಸಂಜೆ ಮಡಿಸಿ ಎತ್ತಿಡಬೇಕು. ಮಡಿಸಿದರೆ ಪದರ ಸರಿಯುತ್ತದೆ. ಒಗೆಯುವುದು ಇನ್ನೊಂದು ಪಜೀತಿ. ನೀರು ಕುಡಿದ ದೊಡ್ಡ ಕೌದಿಯನ್ನು ಇಬ್ಬರು ಎತ್ತಬೇಕು. ಅದಕ್ಕೇ ನಾನೀಗ ಚಿಕ್ಕವನ್ನೇ ಹೊಲಿಯುತ್ತೇನೆ. ಕೂಸಿನ ದುಪ್ಪಟಿ, ಕಾಲಿಗೆ ಹೊದೆಯುವಷ್ಟು ಅರ್ಧ ಕೌದಿ, ಕುರ್ಚಿಗೆ ಹಾಕುವಂಥದ್ದು.

ಮನೆಗೆ ಬಂದವರೆಲ್ಲ ಇನ್ನೊಂದು ಮಾತು ಹೇಳುತ್ತಾರೆ. "ಅಕ್ಕಾರ, ಇದನ್ನ ಮಾರಾಕ ಯಾಕ ಇಡಬಾರದು? ಛಲೋ ರೊಕ್ಕ ಬರತೈತಿ." ಪ್ರೀತಿಯಿಂದಲೇ ಹೇಳುತ್ತಾರೆ. ಲೆಕ್ಕ ಮಾಡೋಣ ಬನ್ನಿ. 2025-26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ದೊಡ್ಡವರ ಕೌದಿಗೆ ಒಬ್ಬಳೇ ಕೂತು ಹತ್ತು ದಿನ ಹೊಲಿದಳು ಅಂದರೂ ಕೂಲಿಯೇ 3,700. ಮಣ್ಣು ಹೊರುವ ಕೆಲಸಕ್ಕೆ ಸರ್ಕಾರ ಕೊಟ್ಟ ಕೂಲಿ ಇದು, ಕಣ್ಣು ಬೆರಳು ಸವೆಸುವ ಕಸುಬಿಗೆ ಇನ್ನೂ ಜಾಸ್ತಿ ಬೇಕು. ಈ ದರ ಹೇಳಿದರೆ ಕೇಳಿದವರು ನಗುತ್ತಾರೆ. ಇಲ್ಲಿನ ದುರ್ಗದಬೈಲ್ ಮಾರುಕಟ್ಟೆಯಲ್ಲಿ ಹುಲಿ ಚಿತ್ರದ ಬ್ಲ್ಯಾಂಕೆಟ್ ಎಷ್ಟಕ್ಕೆ ಸಿಗುತ್ತದೆ ಅಂತ ನನಗೇ ಪಾಠ ಹೇಳುತ್ತಾರೆ.

ನಾನು ಮನೆಯವರಿಗೆ ಹೊಲಿಯುವಾಗ ಗಂಟೆ ಲೆಕ್ಕ ಇಡುವುದಿಲ್ಲ. ಹಾಗಂತ ಅದನ್ನೇ ಅಗ್ಗಕ್ಕೆ ಮಾರಲು ಇಟ್ಟರೆ ಪೆಟ್ಟು ತಿನ್ನುವವರು ಯಾರು? ಊರೂರು ತಿರುಗಿ ಕೌದಿ ಹೊಲಿದುಕೊಟ್ಟು ಹೊಟ್ಟೆ ಹೊರೆಯುವ ಹೆಂಗಸರು ಇನ್ನೂ ಇದ್ದಾರೆ. ನನ್ನ ಹವ್ಯಾಸದ ರೇಟು ಅವರ ಕೂಲಿಯನ್ನು ತಿನ್ನುತ್ತದೆ. ಅವರು ಓಣಿಗೆ ಬಂದಾಗ ಚೌಕಾಸಿ ಮಾಡುವವರು, ಅದೇ ವಾರ ಆನ್‌ಲೈನಿನಲ್ಲಿ ಕೈಹೊಲಿಗೆ ಅಂತ ನಂಬಿ ಮಷಿನ್ ಹೊಲಿಗೆಯ ಪ್ರಿಂಟೆಡ್ ಪಾಲಿಯೆಸ್ಟರನ್ನು ದುಪ್ಪಟ್ಟು ಕೊಟ್ಟು ತರಿಸಿಕೊಂಡದ್ದು ನಾನು ಕಂಡಿದ್ದೇನೆ. ಕೌದಿಯ ಮೇಲೆ ನಿಜಕ್ಕೂ ಪ್ರೀತಿ ಇದ್ದರೆ ಆ ಹೆಂಗಸರು ಕೇಳಿದಷ್ಟು ಕೊಡಿ, ಜೊತೆಗೆ ಊಟ ಹಾಕಿ.

ನಾನು ಈಗ ಮಾಡಿಕೊಂಡ ರೂಢಿ ಸಣ್ಣದು. ಬೆಡ್‌ಶೀಟ್ ತರುವಾಗ ಹತ್ತಿಯದೇ ತರುತ್ತೇನೆ. ಉಟ್ಟ ಸೀರೆಯಲ್ಲಿ ಆಗದ್ದು ಹಾಸಿದ ಚಾದರದಲ್ಲಾದರೂ ಆಗಲಿ ಅಂತ. ನಾಲ್ಕೈದು ವರ್ಷ ಹಾಸಿ ಒಗೆದ ಚಾದರ ಕೌದಿಯ ಒಳಪದರಕ್ಕೆ ಪಸಂದಾಗಿ ಕೂರುತ್ತದೆ. ಗಂಡನ ಹಳೇ ಕಾಟನ್ ಶರ್ಟಿನ ಕಾಲರು, ಗುಂಡಿ ಕತ್ತರಿಸಿ ತೆಗೆದು ಬೆನ್ನಿನ ಭಾಗ ಎತ್ತಿಡುತ್ತೇನೆ. ಬೆನ್ನು ಸವೆಯುವುದು ಕಡಿಮೆ, ತುಂಡೂ ದೊಡ್ಡದು. ಟವೆಲ್ಲು ಬೇಡ, ಭಾರ ಆಗುತ್ತದೆ. ಜೀನ್ಸ್ ಅಂತೂ ಬೇಡವೇ ಬೇಡ, ಸೂಜಿ ಮುರಿಯುತ್ತದೆ, ಅದು ಚೀಲಕ್ಕೆ ಸರಿ. ಹರಿದ ಹಳೇ ಕೌದಿ ಇದ್ದರೆ ಎಸೆಯಬೇಡಿ, ಅದನ್ನೇ ಒಳಗಿಟ್ಟು ಮೇಲೊಂದು ಕೆಳಗೊಂದು ಬಟ್ಟೆ ಕೊಟ್ಟು ಹೊಲಿದರೆ ಹೊಸದು. ನಮ್ಮ ಮನೆಯ ಒಂದು ಕೌದಿಯ ಹೊಟ್ಟೆಯಲ್ಲಿ ಅವ್ವ ಹೊಲಿದದ್ದಿದೆ, ಅದರೊಳಗೆ ಅವಳ ಅತ್ತೆ ಹೊಲಿದದ್ದು ಇದೆಯಂತೆ. ಬಿಚ್ಚಿ ನೋಡಿದವರಿಲ್ಲ.

ನಮ್ಮ ಕಡೆ ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಓಣಿ ಓಣಿ ತಿರುಗುತ್ತಾರಲ್ಲ. ನಮ್ಮ ಪಕ್ಕದ ಮನೆಯವರು ಮೊನ್ನೆ ಅವರ ಅತ್ತೆಯ ಹತ್ತಿ ಸೀರೆಗಳ ಇಡೀ ಗಂಟು ಕೊಟ್ಟು ಒಂದು ಡಬ್ಬಿ ಇಸಿದುಕೊಂಡರು. ಡಬ್ಬಿಗೆ ಮುಚ್ಚಳವೂ ಸರಿಯಾಗಿ ಕೂರುವುದಿಲ್ಲ. ವಿದ್ಯಾನಗರ, ಉಣಕಲ್ ಸುತ್ತಮುತ್ತ ಇರುವವರು ಯಾರಾದರೂ ಅಂಥ ಗಂಟು ಬಿಚ್ಚುವ ಮೊದಲು ನನಗೊಂದು ಮೆಸೇಜ್ ಮಾಡಿ. ಮುಚ್ಚಳ ಕೂರುವ ಡಬ್ಬಿಯನ್ನೇ ತಂದುಕೊಡುತ್ತೇನೆ.