ಅಜ್ಜನಿಗೆ ಹೇಳಿಬಿಟ್ಟರೆ ಮುಗಿಯಿತೇ?

ಮಂಗಳೂರಿನ ಕಡೆ ಏನಾದರೂ ಕಳೆದುಹೋದರೆ, ಕೊಟ್ಟ ದುಡ್ಡು ವಾಪಸ್ ಬಾರದಿದ್ದರೆ, ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: ‘ಅಜ್ಜನಿಗೆ ಹೇಳಿಕೊಳ್ಳಿ.’ ಅಜ್ಜ ಅಂದರೆ ಕೊರಗಜ್ಜ, ತುಳುನಾಡಿನ ಜನ ನಂಬುವ ಒಂದು ದೈವ. ವಿಷಯ ದೊಡ್ಡದಾದರೆ ಕಾಸರಗೋಡಿನ ಕಡೆಯ ಕಾನತ್ತೂರಿನ ದೈವಸ್ಥಾನ, ಇಲ್ಲವೇ ಧರ್ಮಸ್ಥಳ. ಹೀಗೆ ನ್ಯಾಯವನ್ನು ದೈವಕ್ಕೆ ಒಪ್ಪಿಸುವುದು ಸರಿಯೇ? ಅಥವಾ ನಾವು ಮಾಡಬೇಕಾದದ್ದರಿಂದ ನುಣುಚಿಕೊಳ್ಳುವ ದಾರಿಯೇ? ಕೆಳಗೆ ಬರೆದಿರುವ ಇಬ್ಬರೂ ಅಜ್ಜನ ಕಟ್ಟೆ ಇರುವ ಕುತ್ತಾರಿಗೆ ಹೋಗಿ ಕೈಮುಗಿದು ಬರುವವರು. ಹಾಗಾಗಿ ದೈವ ಇದೆಯೋ ಇಲ್ಲವೋ ಎಂಬ ಜಗಳ ಇಲ್ಲಿಲ್ಲ.

ಪರ: ಬಡವರಿಗೂ ಒಂದು ಕಟ್ಟೆ ಬೇಕು

ನಮ್ಮ ಓಣಿಯಲ್ಲಿ ಬೀಡಿ ಕಟ್ಟುವ ಅಕ್ಕ ಒಬ್ಬರಿದ್ದಾರೆ. ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕೂತರೆ ಮಾತಾಡುತ್ತಲೇ ಎಲೆ ಕತ್ತರಿಸುತ್ತಾರೆ, ಹೊಗೆಸೊಪ್ಪು ಹಾಕಿ ಸುರುಟುತ್ತಾರೆ, ನೂಲು ಸುತ್ತುತ್ತಾರೆ. ಕೈಯ ಕಡೆ ನೋಡುವುದೇ ಇಲ್ಲ. ಹಾಗೆ ಕಟ್ಟಿ ಕಟ್ಟಿ ಬಂದ ಪಿಎಫ್ ದುಡ್ಡಿನಲ್ಲಿ 60,000 ರೂಪಾಯಿಯನ್ನು ಗಂಡನ ಕಡೆಯ ಸಂಬಂಧಿಕನಿಗೆ ಕೊಟ್ಟರು. ಅವನಿಗೆ ರಿಕ್ಷಾ ತೆಗೆಯಬೇಕಿತ್ತು. ಪತ್ರ ಇಲ್ಲ, ಚೆಕ್ ಇಲ್ಲ, ಸಾಕ್ಷಿ ಅಂತ ಇದ್ದದ್ದು ಒಬ್ಬಳು ಮಗಳು. ಮರುವರ್ಷ ಕೇಳಿದರೆ ‘ಯಾವ ದುಡ್ಡು ಅಕ್ಕಾ?’ ಅಂದ.

ಸ್ಟೇಷನ್ನಿಗೆ ಹೋದರು. ‘ಇದು ಸಿವಿಲ್ ಮ್ಯಾಟರ್ ಅಮ್ಮಾ, ಕೋರ್ಟಿಗೆ ಹೋಗಿ’ ಅಂದರು. ಕೋರ್ಟು ಎಂದರೆ ವಕೀಲರ ಫೀಸು, ಹಿಯರಿಂಗ್ ಇರುವ ದಿನ ಬೀಡಿ ಇಲ್ಲ, ಕಟ್ಟಿದ ಬೀಡಿ ಕೊಡುವ ಬ್ರಾಂಚಿನಲ್ಲಿ ಎಲೆಯ ಲೆಕ್ಕ ತಪ್ಪುತ್ತದೆ. ಅಕ್ಕ ಅಣ್ಣನನ್ನು ಕರೆದುಕೊಂಡು ಕಾಸರಗೋಡಿನ ಬಸ್ಸು ಹತ್ತಿ ಕಾನತ್ತೂರಿಗೆ ಹೋದರು. ಕಾಸರಗೋಡು 1956ರ ತನಕ ನಮ್ಮದೇ ದಕ್ಷಿಣ ಕನ್ನಡದ ಭಾಗ. ಅದು ಕೇರಳಕ್ಕೆ ಸೇರಿದ ಮೇಲೂ ನಮ್ಮವರು ಕಾನತ್ತೂರಿಗೆ ಹೋಗುವುದನ್ನು ಬಿಟ್ಟಿಲ್ಲ. ಅಲ್ಲಿ ದೂರು ಕೊಟ್ಟರೆ ಎದುರು ಪಾರ್ಟಿಗೆ ಪತ್ರ ಹೋಗುತ್ತದೆ, ಇಂಥ ದಿನ ಬನ್ನಿ ಅಂತ. ಪತ್ರ ಕೈಗೆ ಬಂದ ವಾರದೊಳಗೆ ಆತ ಹಿರಿಯರೊಬ್ಬರನ್ನು ಮುಂದಿಟ್ಟುಕೊಂಡು ಅಕ್ಕನ ಮನೆಗೆ ಬಂದ. ತಿಂಗಳಿಗೆ 5,000ದ ಲೆಕ್ಕದಲ್ಲಿ ಕೊಡುತ್ತೇನೆ ಅಂದ. ಕಂತು ಶುರುವಾಯಿತು.

ಇದರಲ್ಲಿ ಪವಾಡ ಏನೂ ಇಲ್ಲ. ಆತನಿಗೆ ಸುಳ್ಳು ಹೇಳುತ್ತಿರುವುದು ಗೊತ್ತಿತ್ತು. ಸ್ಟೇಷನ್ನಿನಲ್ಲಿ ಸುಳ್ಳು ಹೇಳಲು ಧೈರ್ಯ ಇತ್ತು, ದೈವದ ಎದುರು ಇರಲಿಲ್ಲ. ಆ ಹೆದರಿಕೆಯನ್ನು ಮೂಢನಂಬಿಕೆ ಅನ್ನಿ, ಮನಸ್ಸಾಕ್ಷಿ ಅನ್ನಿ. ನನಗೆ ಎರಡಕ್ಕೂ ಅಷ್ಟೇನೂ ದೂರ ಕಾಣುವುದಿಲ್ಲ.

ಸರ್ಕಾರವೂ ಹಿಂದೆ ಇದನ್ನು ನಂಬಿತ್ತು. ಬ್ರಿಟಿಷರ 1873ರ ಪ್ರಮಾಣ ಕಾಯ್ದೆಯಲ್ಲಿ ಒಂದು ದಾರಿ ಇತ್ತು. ‘ಅವನು ಇಂಥ ರೀತಿಯ ಆಣೆ ಮಾಡಿ ಹೇಳಿದರೆ ನಾನು ಒಪ್ಪುತ್ತೇನೆ’ ಎಂದು ಒಂದು ಪಾರ್ಟಿ ಕೋರ್ಟಿನಲ್ಲಿ ಹೇಳಬಹುದಿತ್ತು. ಎದುರಿನವನು ಆಣೆ ಮಾಡಿದರೆ ಆ ಮಾತೇ ಕೊನೆ.

ಇನ್ನೊಂದು ವಿಷಯ ಹೊರಗಿನವರಿಗೆ ತಿಳಿಯುವುದಿಲ್ಲ. ದೈವಕ್ಕೆ ಹೇಳಿಕೊಳ್ಳುವುದು ಸಸಾರ ಅಲ್ಲ. ನೀವು ಸುಳ್ಳು ದೂರು ಕೊಟ್ಟರೆ ಅದು ನಿಮಗೇ ತಿರುಗುತ್ತದೆ ಎಂಬ ನಂಬಿಕೆ ಇದೆ. ಹಾಗಾಗಿ ಹೋಗುವ ಮೊದಲು ಮನುಷ್ಯ ತನ್ನನ್ನೇ ಕೇಳಿಕೊಳ್ಳುತ್ತಾನೆ: ನಾನು ಹೇಳುತ್ತಿರುವುದು ಪೂರ್ತಿ ನಿಜವಾ? ನನ್ನ ಕಡೆಯಿಂದ ಏನೂ ತಪ್ಪಿಲ್ಲವಾ? ಒಂದು ಕಂಪ್ಲೇಂಟ್ ಬರೆಯುವಾಗ ನಾವು ಹಾಗೆ ಕೇಳಿಕೊಳ್ಳುತ್ತೇವಾ ಹೇಳಿ. ತಪ್ಪು ಮಾಡಿದವನಿಗೂ ದಾರಿ ಮುಚ್ಚಿಲ್ಲ. ವಸ್ತು ವಾಪಸ್ ಕೊಟ್ಟು, ತಪ್ಪುಕಾಣಿಕೆ ಹಾಕಿ, ಮರುದಿನ ಅದೇ ಊರಿನಲ್ಲಿ ತಲೆಯೆತ್ತಿ ನಡೆಯಬಹುದು. ಕದ್ದ ಬಳೆ ರಾತ್ರೋರಾತ್ರಿ ಜಗಲಿಗೆ ಬಂದು ಬೀಳುವುದು ಇದೇ ಕಾರಣಕ್ಕೆ. ಎಫ್‌ಐಆರ್ ಆದ ಮೇಲೆ ಯಾರು ತಂದು ಹಾಕುತ್ತಾರೆ?

ದೈವಗಳ ಹುಟ್ಟನ್ನೂ ನೋಡಿ. ಕಾರ್ಕಳದ 42 ಅಡಿಯ ಗೊಮ್ಮಟ ನಿಂತದ್ದು 1432ರಲ್ಲಿ. ಇಂಥದ್ದು ಇನ್ನೆಲ್ಲೂ ಆಗಬಾರದು ಅಂತ ಅರಸ ಶಿಲ್ಪಿಯ ಒಂದು ಕೈ, ಒಂದು ಕಾಲು ಕಡಿಸಿದ ಎನ್ನುತ್ತದೆ ಪಾಡ್ದನ, ಅಂದರೆ ದೈವಗಳ ಕಥೆ ಹೇಳುವ ತುಳು ಹಾಡು. ಚರಿತ್ರೆ ಹಾಗೆ ಹೇಳುವುದಿಲ್ಲ, ಇರಲಿ. ಆ ಶಿಲ್ಪಿಯೇ ಕಲ್ಕುಡ, ತಂಗಿ ಕಲ್ಲುರ್ಟಿ. ಅರಸನ ಅನ್ಯಾಯವನ್ನು ಕೇಳಲು ಇಬ್ಬರೂ ದೈವವಾದರು. ಕೇಳುವವರಿಲ್ಲದ ಜನ ತಮ್ಮವರನ್ನೇ ನ್ಯಾಯಕ್ಕೆ ಕೂರಿಸಿಕೊಂಡದ್ದು ಇದು. ಬರೀ ಹಿಂದೂಗಳ ವಿಷಯವೂ ಅಲ್ಲ. ಕೀ ಕಳೆದರೆ ಸಂತ ಅಂತೋನಿಯವರಿಗೆ ಹೇಳಿಕೊಳ್ಳುವ ಮನೆಗಳು ಜೆಪ್ಪುವಿನಲ್ಲಿ ಎಷ್ಟು ಬೇಕು! ಯಾರೂ ಬಲವಂತ ಮಾಡುವುದಿಲ್ಲ. ಹೋಗುವವರು ತಾವಾಗಿಯೇ ಹೋಗುತ್ತಾರೆ.

ವಿರೋಧ: ದೈವದ ಹೆಸರಿನಲ್ಲಿ ನಾವು ಮಾಡುವುದು

‘ಯಾರೂ ಬಲವಂತ ಮಾಡುವುದಿಲ್ಲ’ ಎಂಬ ಮಾತಿನಿಂದಲೇ ಶುರು ಮಾಡುತ್ತೇನೆ. ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ.

ನನಗೆ ಪರಿಚಯದ ಒಂದು ಮನೆಯಲ್ಲಿ ಎರಡು ಪವನಿನ ಸರ ಕಾಣೆಯಾಯಿತು. ಮನೆಯಲ್ಲಿ ಮದುವೆಯ ಗಡಿಬಿಡಿ, ಹತ್ತಾರು ಜನ ಬಂದುಹೋಗಿದ್ದರು. ನೆಂಟರ ಮೇಲೆ ಸಂಶಯ ಹೇಳುವ ಹಾಗಿಲ್ಲ. ಪೊಲೀಸರು ಬಂದರೆ ನೆಂಟರನ್ನೂ ಕೇಳುತ್ತಾರೆ, ಅದೂ ಬೇಡ. ಮರುದಿನ ಬೆಳಿಗ್ಗೆ ಕೆಲಸದ ಹೆಂಗಸು ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದರು. ಮನೆಯ ಯಜಮಾನಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಫೋನಿನಲ್ಲಿ ತಂಗಿಗೆ ಹೇಳಿದರು, ಬೇಕೆಂದೇ ಸ್ವಲ್ಪ ಗಟ್ಟಿಯಾಗಿ: ‘ಅಜ್ಜನಿಗೆ ಹೇಳಿ ಆಗಿದೆ ಮಾರಾಯ್ತಿ. ತೆಗೆದವರಿಗೆ ಎಂಟು ದಿನದೊಳಗೆ ಗೊತ್ತಾಗುತ್ತದೆ.’ ಪಾತ್ರೆಯ ಸದ್ದು ಒಂದು ಕ್ಷಣ ನಿಂತಿತು. ಆಮೇಲೆ ಮತ್ತೆ ಶುರುವಾಯಿತು.

ಹೆಸರು ಹೇಳಲಿಲ್ಲ ನೋಡಿ. ಹೆಸರು ಹೇಳಿದ್ದರೆ ಆಕೆ ಉತ್ತರ ಕೊಡಬಹುದಿತ್ತು. ‘ನನ್ನ ಮೇಲೆ ಹೇಳುತ್ತೀರಾ?’ ಎಂದು ಕೇಳಬಹುದಿತ್ತು. ಆ ದಾರಿಯೂ ಇಲ್ಲ. ಆ ವಾರ ಆಕೆಯ ಮಗನಿಗೆ ಜ್ವರ ಬಂತು. ಮಳೆಗಾಲ, ಇಡೀ ಊರಿಗೆ ಜ್ವರ. ಮಂಗಳೂರಿಗೆ ಡೆಂಗ್ಯೂ, ಮಲೇರಿಯಾ ಏನು ಹೊಸತಾ? ಆದರೂ ಓಣಿಯಲ್ಲಿ ಮಾತು ಹಬ್ಬಿತು: ‘ಅಜ್ಜ ತೋರಿಸಿದರು.’ ಆಕೆ ಕೆಲಸ ಬಿಟ್ಟರು. ಸರ ಸಿಗಲಿಲ್ಲ. ಪಕ್ಕದ ಎರಡು ಮನೆಯವರೂ ಆಕೆಯನ್ನು ಮತ್ತೆ ಕರೆಯಲಿಲ್ಲ.

ಇಲ್ಲಿ ಅನ್ಯಾಯ ಮಾಡಿದ್ದು ಯಾರು? ದೈವ ಅಲ್ಲ. ಕೊರಗಜ್ಜ ಯಾರ ಹೆಸರನ್ನೂ ಹೇಳಿರಲಿಲ್ಲ. ಒಬ್ಬ ಬಡ ಹೆಂಗಸಿನ ಮೇಲೆ ಸಾಕ್ಷಿ ಇಲ್ಲದೆ ಕಳ್ಳತನ ಹೊರಿಸಿದ್ದು ಆ ಮನೆಯವರು. ಹಾಗೆ ಮಾಡಿಯೂ ‘ನಾವು ಏನೂ ಮಾಡಿಲ್ಲ, ದೈವಕ್ಕೆ ಬಿಟ್ಟಿದ್ದೇವೆ’ ಅಂದರು. ನನಗೆ ತಡೆಯಲಾಗದ್ದು ಇದೇ. ನಂಬುವುದು ಅವರವರ ಇಷ್ಟ. ಆದರೆ ಆ ಮಾತನ್ನು ಇನ್ನೊಬ್ಬರ ಕಿವಿಗೆ ಬೀಳುವಂತೆ ಹೇಳಿದ ಮೇಲೆ ಅದು ಬರೀ ಪ್ರಾರ್ಥನೆ ಆಗಿ ಉಳಿಯುವುದಿಲ್ಲ. ಬೆದರಿಕೆ ಆಗುತ್ತದೆ.

ಜ್ವರ, ಬೈಕ್ ಆ್ಯಕ್ಸಿಡೆಂಟ್, ದನ ಸತ್ತದ್ದು, ಮಗಳ ಸಂಬಂಧ ಮುರಿದದ್ದು, ಎಲ್ಲವೂ ಸಾಕ್ಷಿ ಆಗುತ್ತದೆ ಎಂದಾದರೆ ಯಾವ ಮನೆ ಉಳಿಯುತ್ತದೆ? ತೊಂದರೆ ಇಲ್ಲದ ಮನೆ ಎಲ್ಲಿದೆ? ಬಡವರ ಮನೆಗೆ ತೊಂದರೆ ಬೇಗ ಬರುತ್ತದೆ. ಹಾಗಾಗಿ ಈ ಲೆಕ್ಕದಲ್ಲಿ ಕಳ್ಳರಾಗುವವರೂ ಅವರೇ ಜಾಸ್ತಿ.

ಪರವಾಗಿ ಬರೆದವರು 1873ರ ಕಾಯ್ದೆ ಹೇಳಿದರು. ಸರಿ. 1969ರಲ್ಲಿ ಹೊಸ ಪ್ರಮಾಣ ಕಾಯ್ದೆ ಬಂದಾಗ ಆ ಪದ್ಧತಿಯನ್ನು ಕೈಬಿಟ್ಟದ್ದನ್ನು ಹೇಳಲಿಲ್ಲ. ದೇವರ ಹೆಸರು ಬೇಡ ಅನ್ನುವವರು ಬರೀ ದೃಢೀಕರಣ ಮಾಡಿ ಸಾಕ್ಷಿ ಹೇಳಬಹುದು ಎಂಬುದು ಆ ಕಾಯ್ದೆಯಲ್ಲಿ ಈಗಲೂ ಇದೆ. ಆಣೆಗೆ ಹೆದರುವವನು ಮೊದಲೇ ಅರ್ಧ ಪ್ರಾಮಾಣಿಕ. ಹೆದರದವನನ್ನು ಏನು ಮಾಡುತ್ತೀರಿ? 2011ರ ಜೂನ್‌ನಲ್ಲಿ ಯಡಿಯೂರಪ್ಪ ಮತ್ತು ಕುಮಾರಸ್ವಾಮಿ ಧರ್ಮಸ್ಥಳದ ಆಣೆಯ ಸವಾಲು ಹಾಕಿಕೊಂಡದ್ದು ನೆನಪಿದೆಯಾ? ಟಿವಿಯಲ್ಲಿ ದಿನಗಟ್ಟಲೆ ಅದೇ. ಇಬ್ಬರೂ ಧರ್ಮಸ್ಥಳಕ್ಕೆ ಬಂದರು, ಪೂಜೆ ಮಾಡಿಸಿದರು, ಹೋದರು. ಆಣೆ ಮಾತ್ರ ಆಗಲಿಲ್ಲ. ದೊಡ್ಡವರಿಗೆ ಹೀಗೆ ಬಂದುಹೋಗುವ ಸೌಕರ್ಯ ಇರುತ್ತದೆ. ಪಾತ್ರೆ ತಿಕ್ಕುವವರಿಗೆ ಇರುವುದಿಲ್ಲ.

ಕಲ್ಕುಡನ ಕಥೆ ನನಗೂ ಇಷ್ಟ. ಅಜ್ಜನ ಕಥೆಯನ್ನೂ ಪೂರ್ತಿ ಹೇಳೋಣ ಅಲ್ವಾ? ದೈವವಾಗುವ ಮೊದಲು ಅಜ್ಜ ಕೊರಗ ಸಮುದಾಯದ ತನಿಯ ಎಂಬ ಹುಡುಗ. ದೇವಸ್ಥಾನಕ್ಕೆ ಹೊರೆ ಹೊತ್ತು ತಂದ. ಹೊರೆ ಬೇಕಾಗಿತ್ತು, ಹೊತ್ತವನು ಒಳಗೆ ಬರುವುದು ಬೇಡವಾಗಿತ್ತು. ಅಲ್ಲಿಯೇ ಮಾಯವಾದ. ಅವನಿಗೆ ನಾವು ಚಕ್ಕುಲಿ, ವೀಳ್ಯದೆಲೆ, ಶೇಂದಿ ಇಟ್ಟು ಕೈಮುಗಿಯುತ್ತಾ ಬಂದೆವು. ಅದೇ ಹೊತ್ತಿಗೆ ಅವನ ಜನರಿಗೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವ ಅಜಲು ಪದ್ಧತಿಯನ್ನೂ ನಡೆಸಿಕೊಂಡು ಬಂದೆವು. ಅದನ್ನು ನಿಲ್ಲಿಸಲು 2000ದಲ್ಲಿ ಕಾಯ್ದೆಯೇ ಬೇಕಾಯಿತು. ಕಳೆದ ಉಂಗುರಕ್ಕೆ ಅಜ್ಜನನ್ನು ಕರೆಯುವವರಿಗೆ ಅಜ್ಜನ ಮೊಮ್ಮಕ್ಕಳ ವಿಷಯ ಕಾನೂನು ಬರುವ ತನಕ ಕಾಣಲಿಲ್ಲ. ಅಜ್ಜ ನ್ಯಾಯ ಕೇಳಲು ಕೂತರೆ ಮೊದಲ ಪತ್ರ ಯಾರ ಮನೆಗೆ ಬರುತ್ತದೋ ನೋಡಬೇಕು.

ಇನ್ನು ಕೆಲಸದ ಮಾತು. ಹರಕೆ ಹೇಳಿ ಕಾಯುತ್ತಾ ಕೂತರೆ ಬೇರೆ ಬಾಗಿಲು ಮುಚ್ಚುತ್ತದೆ. ಆನ್‌ಲೈನ್‌ನಲ್ಲಿ ದುಡ್ಡು ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುವ ಮೊದಲು ತಡೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಕೈಸಾಲದ ವಸೂಲಿಗೆ ಸಾಮಾನ್ಯವಾಗಿ 3 ವರ್ಷದೊಳಗೆ ದಾವೆ ಹಾಕಬೇಕು. ಚೆಕ್ ಬೌನ್ಸ್ ಆದರೆ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸ್ ಕೊಡಬೇಕು. ‘ಅಜ್ಜ ನೋಡಿಕೊಳ್ಳುತ್ತಾರೆ’ ಎಂದು ದೈವದ ಉತ್ಸವವಾದ ಕೋಲ ಎರಡು, ಮೂರು ಕಳೆದು, ಆಮೇಲೆ ವಕೀಲರ ಬಳಿ ಹೋದರೆ ಅವರು ಕೈಚೆಲ್ಲುತ್ತಾರೆ.

ಹೇಳಿಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ನಾನೂ ಹೇಳಿಕೊಳ್ಳುತ್ತೇನೆ. ಮನಸ್ಸಿನಲ್ಲಿ ಹೇಳಿಕೊಳ್ಳಿ, ಯಾರ ಕಿವಿಗೂ ಬೀಳದ ಹಾಗೆ. ಸಂಶಯ ಇದ್ದರೆ ನೇರ ಕೇಳಿ, ಇಲ್ಲವೇ ಕಂಪ್ಲೇಂಟ್ ಕೊಡಿ. ಆಗ ನಿಮ್ಮ ಸಹಿ ಅದರಲ್ಲಿ ಇರುತ್ತದೆ, ಸುಳ್ಳಾದರೆ ನೀವೇ ಉತ್ತರ ಕೊಡಬೇಕಾಗುತ್ತದೆ.

ಆ ಬೀಡಿ ಕಟ್ಟುವ ಅಕ್ಕನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಅವರ ಕಷ್ಟ ನಿಜ. ‘ಸಿವಿಲ್ ಮ್ಯಾಟರ್’ ಅಂದವರು ಇನ್ನೊಂದು ಮಾತು ಸೇರಿಸಬೇಕಿತ್ತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಇದೆ. ವಕೀಲರನ್ನು ಅವರೇ ಕೊಡುತ್ತಾರೆ. ಲೋಕ ಅದಾಲತ್‌ಗೆ ಕೋರ್ಟ್ ಫೀ ಇಲ್ಲ. ಅಲ್ಲಿಯೂ ಎರಡು ಕಡೆಯವರನ್ನು ಎದುರುಬದುರು ಕೂರಿಸಿ ರಾಜಿ ಮಾಡಿಸುತ್ತಾರೆ, ಕಂತಿಗೂ ಒಪ್ಪಿಸುತ್ತಾರೆ. ಆದರೆ ಆ ರಾಜಿಗೆ ಕೋರ್ಟಿನ ಡಿಕ್ರಿಯಷ್ಟೇ ಬೆಲೆ. ಆತ ನಡುವೆ ಕಂತು ನಿಲ್ಲಿಸಿದರೆ ಜಾರಿ ಮಾಡಿಸಬಹುದು. ಕಾನತ್ತೂರಿನ ಪತ್ರ ಬಂದ ಮೇಲೆ ಆತ 5,000ದ ಕಂತು ಶುರು ಮಾಡಿದ ಎಂದು ಓದಿದೆ. ಪೂರ್ತಿ 60,000 ಅಕ್ಕನ ಕೈಗೆ ಬಂತಾ? ಅದನ್ನು ಪರವಾಗಿ ಬರೆದವರು ಹೇಳಲೇ ಇಲ್ಲ.